ಹೊಳಿ ದಂಡಿಯ ಕೊಡ

ಹೊಸ ಮನೆ ಹೊಕ್ಕಾಗ ಹಾಲು ಉಕ್ಕಿದರೆ ಶುಭ ಅನ್ನುತ್ತಾರೆ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಈ ಶುಭ ವಾರಕ್ಕೆ ಮೂರು ಸಲವಾದರೂ ಆಗುತ್ತದೆ. ಪಾತ್ರೆಯ ಮುಂದೆಯೇ ನಿಂತಿರುತ್ತೇನೆ. ಅಷ್ಟರಲ್ಲಿ ಕಿಟಕಿಯಾಚೆ ಅಳಿಲೊಂದು ತಂತಿಯ ಮೇಲೆ ಓಡುತ್ತದೆ. ಅಳಿಲಿನಿಂದ ಬಾಲ, ಬಾಲದಿಂದ ಕುಂಚ, ಕುಂಚದಿಂದ ಮಗನ ಚಿತ್ರಕಲೆ ವಹಿ, ಅದಕ್ಕೆ ಇನ್ನೂ ಹಾಕದ ರಟ್ಟು. ಸೀದ ವಾಸನೆ ಮೂಗಿಗೆ ಬಡಿದಾಗಲೇ ನಾನು ಅಡುಗೆಮನೆಗೆ ಮರಳುವುದು.

‘ಲಕ್ಷ್ಯ ಎಲ್ಲೈತಿ ನಿಂದು?’ ಹೊಳೆಮಣ್ಣೂರಿನಲ್ಲಿ ಇದು ನನ್ನ ಅಡ್ಡಹೆಸರಿನ ಹಾಗಿತ್ತು. ನಮ್ಮದು ಮಲಪ್ರಭೆಯ ದಂಡೆಯ ಊರು. 2009ರಲ್ಲಿ, ಮತ್ತೆ 2019ರಲ್ಲಿ ಆ ಹೊಳೆಯೇ ನೆರೆಯಾಗಿ ಊರಿಗೆ ಬಂತು. ನನ್ನ ಚಿಕ್ಕಂದಿನಲ್ಲಿ ಹೊಳೆಗೆ ನಾವೇ ಹೋಗುತ್ತಿದ್ದೆವು. ನೀರಿಗೆಂದು ಹೋದ ನಾನು ತುಂಬಿದ ಕೊಡವನ್ನು ದಂಡೆಯಲ್ಲೇ ಬಿಟ್ಟು, ಒದ್ದೆ ಲಂಗದಲ್ಲಿ ಕೈಬೀಸಿಕೊಂಡು ಮನೆಗೆ ಬಂದದ್ದು ಒಂದೆರಡು ಸಲವಲ್ಲ.

ನಲವತ್ತೊಂದನೇ ವಯಸ್ಸಿನಲ್ಲಿ ಇದಕ್ಕೊಂದು ಹೆಸರು ಸಿಕ್ಕಿತು: ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ. ಅದೂ ನನ್ನ ಸಲುವಾಗಿ ಹೋದಾಗಲ್ಲ, ಮಗನನ್ನು ತೋರಿಸಲು ಹೋದಾಗ. ವೈದ್ಯೆ ಅವನ ಬಗ್ಗೆ ಕೇಳಿದ ಪ್ರಶ್ನೆಗಳಿಗೆಲ್ಲ ನಾನು ಒಳಗೊಳಗೇ ನನ್ನ ಉತ್ತರ ಹೇಳಿಕೊಳ್ಳುತ್ತಿದ್ದೆ. ಗಂಡುಹುಡುಗ ಬೆಂಚು ಹತ್ತಿ ಕುಣಿದರೆ ಮಾಸ್ತರರ ಕಣ್ಣಿಗೆ ಬೀಳುತ್ತಾನೆ. ಹುಡುಗಿ ಕಿಟಕಿ ನೋಡುತ್ತ ಸುಮ್ಮನೆ ಕೂತರೆ ಶಾಣ್ಯಾ ಹುಡುಗಿ ಅನ್ನಿಸಿಕೊಳ್ಳುತ್ತಾಳೆ. ಹೀಗೆ ತಪ್ಪಿಸಿಕೊಂಡ ಎಷ್ಟೋ ಹೆಂಗಸರಿಗೆ ಮಕ್ಕಳ ನೆಪದಲ್ಲೇ ತಮ್ಮ ಸುದ್ದಿ ತಿಳಿಯುತ್ತದೆಯಂತೆ.

ನನಗೆ ಗುಳಿಗೆ ಬರೆದ ವೈದ್ಯೆ ಊಟದ ವಿಷಯಕ್ಕೆ ಬಂದರು. ಈ ಗುಳಿಗೆ ಹಸಿವು ಕೊಲ್ಲುತ್ತದೆ, ಆದ್ದರಿಂದ ಮುಂಜಾನೆ ಹೊಟ್ಟೆ ತುಂಬ ತಿಂದೇ ನುಂಗಬೇಕು. ರಕ್ತದಲ್ಲಿ ಕಬ್ಬಿಣ ಎಷ್ಟಿದೆ ನೋಡಿಸಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಮೊದಲೇ ನಿಲ್ಲದ ಮನಸ್ಸು, ಅದರ ಮೇಲೆ ಈ ದಣಿವು. ಉಂಡ ಕೂಡಲೇ ಚಹಾ ಕುಡಿಯುವ ನಮ್ಮ ಕಡೆಯ ಚಟ, ಉಂಡ ಅನ್ನದ ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತದೆ. ಲಿಂಬೆಹುಳಿ ಹಿಂಡಿಕೊಂಡರೆ ಹತ್ತುತ್ತದೆ. ಒಮೆಗಾ-3 ಅಂದಾಗ ನನಗೆ ಅಗಸಿ ಹಿಂಡಿ ನೆನಪಾಯಿತು. ಅಗಸಿಯಲ್ಲಿ ಅದು ಇದೆ ನಿಜ, ಆದರೆ ಮೀನಿನಲ್ಲಿರುವ ಬಗೆಯದಲ್ಲ. ದೇಹ ಅದನ್ನು ಆ ಬಗೆಗೆ ಮಾರ್ಪಡಿಸಿಕೊಳ್ಳುವುದು ಬಲು ಸ್ವಲ್ಪ. ಮೀನೆಣ್ಣೆಯಿಂದಲೂ ಈ ತೊಂದರೆಗೆ ಸಿಗುವ ಗುಣ ಅಷ್ಟಕ್ಕಷ್ಟೇ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಸಕ್ಕರೆ ತಿಂದದ್ದರಿಂದ ಇದು ಬಂದದ್ದಲ್ಲ, ರೊಟ್ಟಿ ತಿಂದರೆ ಹೋಗುವುದೂ ಅಲ್ಲ.

ಎಲ್ಲ ಸರಿ. ಹೊತ್ತಿಗೆ ಸರಿಯಾಗಿ ಉಣ್ಣು ಅನ್ನುವವರು ಒಂದು ಮಾತು ಮರೆಯುತ್ತಾರೆ. ಉಣ್ಣುವ ಮೊದಲು ಯಾರೋ ಅಡುಗೆ ಮಾಡಿರಬೇಕು, ಆ ಯಾರೋ ನಾನೇ. ಮಡಿಕೆಕಾಳು ಪಲ್ಯ ಪೌಷ್ಟಿಕ, ಒಪ್ಪಿದೆ. ಅದಕ್ಕೆ ಕಾಳು ನೆನೆ ಹಾಕಬೇಕು, ಬಸಿದು ಅರಿವೆಯಲ್ಲಿ ಕಟ್ಟಿಡಬೇಕು, ಮೊಳಕೆ ಬಂದ ದಿನ ಅದು ಅಲ್ಲಿದೆ ಅಂತ ನೆನಪಿರಬೇಕು. ನನ್ನ ಗಂಟಿನ ಕಾಳು ಗಿಡವಾಗುವ ಹಂತಕ್ಕೆ ಹೋದದ್ದುಂಟು. ಗಮನ ನಿಲ್ಲದ ಗಂಡಸಿಗೆ ಪೌಷ್ಟಿಕ ಊಟ ತಾಟಿನಲ್ಲಿ ಬರುತ್ತದೆ. ಹೆಂಗಸಿಗೆ ಅದೇ ಇನ್ನೊಂದು ಪರೀಕ್ಷೆ.

ನನ್ನನ್ನು ಬದುಕಿಸಿದ್ದು ಖಡಕ್ ರೊಟ್ಟಿ. ತಟ್ಟಿ, ಸುಟ್ಟು, ಒಣಗಿಸಿ ಒಟ್ಟಿಟ್ಟರೆ ವಾರಗಟ್ಟಲೆ ಕೆಡದ ಜೋಳದ ರೊಟ್ಟಿ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಕಚ್ಚಿಕೊಳ್ಳಲು ಹಸಿ ಉಳ್ಳಾಗಡ್ಡಿ. ನಾನು ಮರೆತರೂ ಕಾಯ್ದುಕೊಂಡು ಕೂಡುವ ಊಟ ಇದು. ರೊಟ್ಟಿಯನ್ನು ನಾನು ಬಡಿಯುವುದಿಲ್ಲ. ನಮ್ಮ ಓಣಿಯ ನಾಲ್ಕು ಹೆಂಗಸರು ಕೂಡಿ ಮಾಡಿ ಮಾರುತ್ತಾರೆ, ಕೊಳ್ಳುತ್ತೇನೆ. ಮೊದಮೊದಲು ನಾಚಿಕೆಯಾಗುತ್ತಿತ್ತು, ಈಗಿಲ್ಲ.

ಇನ್ನು ಬಯಲಿನ ಮಾತು. ಅಮೆರಿಕದಲ್ಲಿ 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಈ ತೊಂದರೆಯಿದ್ದ 17 ಮಕ್ಕಳು ಉದ್ಯಾನದಲ್ಲಿ 20 ನಿಮಿಷ ನಡೆದು ಬಂದಾಗ, ಪೇಟೆಬೀದಿಯಲ್ಲಿ ನಡೆದಾಗಿನದಕ್ಕಿಂತ ಅವರ ಏಕಾಗ್ರತೆ ಚಲೋ ಇತ್ತು. ನೋಡಿದ್ದು ಮಕ್ಕಳನ್ನು, ಅದೂ ಹದಿನೇಳೇ. ಆದರೂ ಓದುವಾಗ ನನಗೆ ನಮ್ಮ ಎರೆಹೊಲ ಕಣ್ಣಮುಂದೆ ಬಂತು. ಕಳೆ ತೆಗೆಯಲು ಎಂಟು ಹತ್ತು ಹೆಂಗಸರು ಆಳಿಗೊಂದು ಸಾಲು ಹಿಡಿದು ಕೂಡುತ್ತಿದ್ದರು. ಎಡಕ್ಕೊಬ್ಬಳು, ಬಲಕ್ಕೊಬ್ಬಳು, ನಡುವೆ ನಾನು. ಅವರು ಸರಿದಂತೆ ನಾನೂ ಸರಿಯಲೇಬೇಕು. ಮನಸ್ಸು ಎಲ್ಲಿ ಅಲೆದರೂ ಕುರ್ಚಿಗಿ ಹಿಡಿದ ಕೈ ಸಾಲು ಬಿಡುತ್ತಿರಲಿಲ್ಲ. ಆ ಸಾಲಿನಲ್ಲಿ ನನ್ನ ಲಕ್ಷ್ಯ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ಎಳ್ಳಮಾಸಿಗೆ ಬುತ್ತಿ ಹೊತ್ತು ಚರಗ ಚೆಲ್ಲಲು ಹೋದಾಗ, ಕಡಲೆಗಿಡದಿಂದ ಸುಲಗಾಯಿ ಕಿತ್ತು ತಿನ್ನುತ್ತ ಎಷ್ಟು ಹೊತ್ತು ಬೇಕಾದರೂ ಒಂದೇ ಕಡೆ ಕೂತಿರಬಲ್ಲವಳಾಗಿದ್ದೆ. ಹಾಗೆಂದು ಹೊಲವನ್ನು ಔಷಧದಂಗಡಿ ಮಾಡಲು ನನಗಿಷ್ಟವಿಲ್ಲ. ಮಧ್ಯಾಹ್ನ ಎರಡರ ಬಿಸಿಲಲ್ಲಿ ಕೂಲಿಗೆ ಬಗ್ಗಿದವಳ ಮುಂದೆ ಆ ಮಾತಾಡಿದರೆ ಕುರ್ಚಿಗಿ ನನ್ನ ಕಡೆ ತಿರುಗೀತು.

ಈಗ ಮುಂಜಾನೆ ಉಣಕಲ್ ಕೆರೆಯ ದಂಡೆಗೆ ಹೋಗುತ್ತೇನೆ. ಒಬ್ಬಳೇ ಹೊರಟರೆ ಚಪ್ಪಲಿ ಹಾಕುವಷ್ಟರಲ್ಲಿ ಇನ್ನೇನೋ ಕೆಲಸ ಕೈಗೆ ಹತ್ತಿರುತ್ತದೆ. ಹಾಗಾಗಿ ಪಕ್ಕದ ಮನೆಯ ಅಕ್ಕಾರು ಬಾಗಿಲು ಬಡಿಯುತ್ತಾರೆ. ನಡೆಯುವಾಗ ಅವರು ಸೊಸೆಯ ಸುದ್ದಿ ಹೇಳುತ್ತಾರೆ, ನಾನು ಅರ್ಧ ಕೇಳುತ್ತೇನೆ. ಅವರಿಗೂ ಗೊತ್ತು.

ಈ ತೊಂದರೆಯ ಲಕ್ಷಣಗಳು ಹನ್ನೆರಡು ತುಂಬುವ ಮೊದಲೇ ಇದ್ದವೇ ಎಂದು ವೈದ್ಯರು ಖಾತ್ರಿ ಮಾಡಿಕೊಳ್ಳಬೇಕಂತೆ. ಅದಕ್ಕಾಗಿ ಅಂದು ಅವ್ವನಿಗೆ ಫೋನು ಹಚ್ಚಿದ್ದೆ. ‘ಮೊದಲಿಂದ ಹಂಗ ಐತಿ ನಮ್ಮ ಹುಡುಗಿ’ ಅಂದು ಕೊಡದ ಕತೆ ತೆಗೆದಳು. ವೈದ್ಯೆ ನಗುತ್ತ ಬರೆದುಕೊಂಡರು. ಹೊರಗೆ ಬಂದ ಮೇಲೆ ಮತ್ತೆ ಫೋನು ಮಾಡಿದೆ.

‘ಎವ್ವಾ, ಎಷ್ಟು ಕೊಡ ಕಳದೆ ನಾ?’

‘ಒಂದೂ ಕಳೀಲಿಲ್ಲ. ಹಿಂದ ಬರಾಕಿ ತನ್ನ ಕೊಡದ ಜೋಡಿ ನಿಂದೂ ಹೊತ್ಗೊಂಡು ಬರತಿದ್ಲು.’

‘ಯಾರು?’

‘ಯಾರಂತ ಹೇಳ್ಲಿ? ಅವತ್ತ ಯಾರು ಹಿಂದ ಇರತಿದ್ರೋ ಅವರು.’