ಕಬ್ಬಿನ ಸೀಮೆಯಲ್ಲಿ ಮೂಗಿನ ಓದು

ಬೆಳಗಾವಿಯಿಂದ ಮಿರಜ ಕಡೆ ಹೋಗುವ ರೈಲು ಘಟಪ್ರಭಾ ದಾಟಿತೆಂದರೆ ನಮ್ಮ ಸೀಮೆ ಶುರು. ಚಿಕ್ಕೋಡಿ ರೋಡ್, ರಾಯಬಾಗ, ಚಿಂಚಲಿ, ಕುಡಚಿ, ಉಗಾರ ಖುರ್ದ, ಶೇಡಬಾಳ. ಚಿಕ್ಕೋಡಿ ರೋಡ್ ಅನ್ನೋ ಬೋರ್ಡ್ ನಂಬಿ ಇಳಿದವರು ಚಿಕ್ಕೋಡಿ ಊರಿಗೆ ಮತ್ತೆ ಬಸ್ ಹಿಡಿಯಬೇಕು, ಅದು ಬೇರೆ ಮಾತು. ಕಬ್ಬಿನ ಹಂಗಾಮಿನಲ್ಲಿ ಬಂದರೆ ಇಲ್ಲಿ ಬೋರ್ಡೇ ಬೇಡ, ಮೂಗೇ ದಾರಿ ಹೇಳುತ್ತದೆ. ಮೊದಲು ಕಾಯ್ದ ಕಬ್ಬಿನ ಹಾಲಿನ ಸಿಹಿ ವಾಸನೆ. ಆಮೇಲೆ ಸ್ವಲ್ಪ ಹುಳಿ, ಸ್ವಲ್ಪ ಖಾರ, ಮೂಗಿನ ತುದಿಗೆ ಚುಚ್ಚುವ ಇನ್ನೊಂದು ವಾಸನೆ. ಅದು ಕಾಕಂಬಿ ಹುದುಗುವ ವಾಸನೆ.

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಈ ಭಾಗವನ್ನು ಕಬ್ಬಿನ ಕಣಜ ಮಾಡಿವೆ. ಉಗಾರದ ಸಕ್ಕರೆ ಕಾರ್ಖಾನೆ 1939ರದ್ದು. ಮೊದಲು ಅದು ಅಥಣಿ ತಾಲೂಕು, ಈಗ ಕಾಗವಾಡ. ನಿಪ್ಪಾಣಿಗೆ ಹಾಲಸಿದ್ಧನಾಥ, ಚಿಕ್ಕೋಡಿಗೆ ದೂಧಗಂಗಾ-ಕೃಷ್ಣಾ, ಅಥಣಿಗೆ ಕೃಷ್ಣಾ ಸಹಕಾರಿ ಕಾರ್ಖಾನೆಗಳು, ಜೊತೆಗೆ ಖಾಸಗಿಯವು. ನಮ್ಮ ಕಡೆ ಮದುವೆ, ಮನೆ ಕಟ್ಟೋದು, ಮಕ್ಕಳ ಫೀ ಎಲ್ಲಾ ಕಬ್ಬಿನ ಬಿಲ್ಲಿನ ಮೇಲೆ ನಿಂತಿರುತ್ತೆ. ಒಂದು ಟನ್ ಕಬ್ಬು ಅರೆದರೆ ಸುಮಾರು 100 ಕಿಲೋ ಸಕ್ಕರೆ, 40 ಕಿಲೋಗೂ ಹೆಚ್ಚು ಕಾಕಂಬಿ ಸಿಗುತ್ತದೆ. ಆ ಕಾಕಂಬಿಯೇ ಡಿಸ್ಟಿಲರಿಯ ಕಚ್ಚಾಮಾಲು. ಟನ್ನಿಗೆ ಹೆಚ್ಚುಕಡಿಮೆ 220ರಿಂದ 250 ಲೀಟರ್ ಸ್ಪಿರಿಟ್ ಬರುತ್ತದೆ.

ನನ್ನ ಕಾಕಾನ ಮಗ ಇಂಥದೇ ಒಂದು ಡಿಸ್ಟಿಲರಿಯಲ್ಲಿ ಕೆಮಿಸ್ಟ್. ಬಿ.ಎಸ್ಸಿ. ಮುಗಿಸಿ, ಪುಣೆ ಹತ್ತಿರ ಮಾಂಜರಿಯಲ್ಲಿರುವ ವಸಂತದಾದಾ ಶುಗರ್ ಇನ್‌ಸ್ಟಿಟ್ಯೂಟ್‌ನಲ್ಲಿ ಆಲ್ಕೋಹಾಲ್ ತಂತ್ರಜ್ಞಾನ ಓದಿ ಬಂದ. 1975ರಲ್ಲಿ ಶುರುವಾದ ಸಂಸ್ಥೆ ಅದು. ಕಾನ್ಪುರದಲ್ಲಿ ಅದಕ್ಕಿಂತ ಹಳೆಯದಾದ, 1936ರ ರಾಷ್ಟ್ರೀಯ ಸಕ್ಕರೆ ಸಂಸ್ಥೆ ಇದೆ. ನಾನು ಕೋಡ್ ಬರೆಯೋಳು. ಅವನ ಓದಿನಲ್ಲಿ ಏನಿರುತ್ತೆ ಅಂತ ಕೇಳಿದೆ.

“ಅಕ್ಕಾ, ಮಂದಿ ತಿಳದಂಗ ಇದರಾಗ ಕುಡಿಯೂದು ಏನೂ ಇಲ್ಲ. ಯೀಸ್ಟ್ ಸಾಕೂದು, ಕಾಲಮ್ ನೋಡೂದು, ಹೊಲಸ ನೀರ ಸ್ವಚ್ಛ ಮಾಡೂದು. ಇಷ್ಟs,” ಅಂದ.

ಇಷ್ಟೇ ಅಂದರೂ ಅದು ದೊಡ್ಡ ವಿದ್ಯೆ. ಕಾಕಂಬಿಗೆ ನೀರು ಬೆರೆಸಿ ಯೀಸ್ಟ್ ಬಿಟ್ಟರೆ ಒಂದೂವರೆ ದಿನದೊಳಗೆ ಶೇ. 8ರಿಂದ 10ರಷ್ಟು ಆಲ್ಕೋಹಾಲ್ ಇರುವ ದ್ರವ ತಯಾರು. ಎತ್ತರದ ಕಾಲಮ್‌ಗಳಲ್ಲಿ ಅದನ್ನು ಕಾಸಿ ಆವಿ ಮಾಡಿ ಬೇರ್ಪಡಿಸಿದರೆ ಶೇ. 95-96ರ ಸ್ಪಿರಿಟ್. ಅದರಲ್ಲಿ ಉಳಿದ ನೀರನ್ನೂ ತೆಗೆದರೆ ಪೆಟ್ರೋಲಿಗೆ ಬೆರೆಸುವ ಎಥನಾಲ್. ಇನ್ನೊಂದು ಕಡೆ, ಒಂದು ಲೀಟರ್ ಸ್ಪಿರಿಟ್ಟಿಗೆ ಹತ್ತು ಲೀಟರಿನ ಆಸುಪಾಸು ಕಪ್ಪು ತ್ಯಾಜ್ಯ ನೀರು ಬರುತ್ತೆ. ಅದನ್ನು ನದಿಗೆ ಬಿಡುವಂತಿಲ್ಲ. ಆವಿ ಮಾಡಿ ಗಟ್ಟಿಗೊಳಿಸಿ ಬಾಯ್ಲರಿನಲ್ಲಿ ಸುಡಬೇಕು, ಇಲ್ಲವೇ ಗೊಬ್ಬರ ಮಾಡಬೇಕು. ಹುದುಗುವ ಟ್ಯಾಂಕಿನೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತೆ. ಗಾಳಿ ಪರೀಕ್ಷೆ ಮಾಡದೆ ಇಳಿದವನು ಕೂಗೋದಕ್ಕೂ ಸಮಯ ಸಿಗದೆ ಬೀಳಬಹುದು. ಅವನ ಓದಿನಲ್ಲಿ ಮೊದಲು ಕಲಿಸೋದು ಇದನ್ನೇ.

ಮೂಗಿನ ಕೆಲಸವೂ ಇದೆ. ಕುಡಿಯುವ ಮದ್ಯಕ್ಕೆ ಹೋಗುವ ಸ್ಪಿರಿಟ್ಟಿಗೆ ನೀರು ಬೆರೆಸಿ ತೆಳು ಮಾಡಿ, ಗ್ಲಾಸು ಮೂಗಿನ ಹತ್ತಿರ ಹಿಡಿದು ಮೂಸುತ್ತಾರೆ. ಗಂಧಕದ ವಾಸನೆಯೋ, ಸುಟ್ಟ ಕಾಕಂಬಿಯ ವಾಸನೆಯೋ ಬಂದರೆ ಅದು ಶುದ್ಧವಾಗಿಲ್ಲ ಅಂತ. ಪರ್ಮಾಂಗನೇಟ್ ಹನಿ ಹಾಕಿ, ಬಣ್ಣ ಎಷ್ಟು ನಿಮಿಷ ನಿಲ್ಲುತ್ತೆ ಅಂತಲೂ ನೋಡುತ್ತಾರೆ. ಆದರೆ ಕಳ್ಳಭಟ್ಟಿ ದುರಂತಗಳಲ್ಲಿ ಜನರನ್ನು ಕೊಲ್ಲುವ ಮೆಥನಾಲ್ ಎಂಥ ಪಳಗಿದ ಮೂಗಿಗೂ ಸಿಗಲ್ಲ. ಅದಕ್ಕೆ ಪ್ರಯೋಗಾಲಯದ ಯಂತ್ರವೇ ಬೇಕು.

ನನ್ನ ಸಹೋದ್ಯೋಗಿಯೊಬ್ಬ ಬೆಂಗಳೂರಿನಲ್ಲಿ ಶನಿವಾರ-ಭಾನುವಾರ ಸ್ಪಿರಿಟ್ ರುಚಿ ನೋಡುವ ಕೋರ್ಸ್ ಮಾಡಿದ. ಲಂಡನ್ನಿನಲ್ಲಿ 1969ರಲ್ಲಿ ಹುಟ್ಟಿದ ಡಬ್ಲ್ಯು.ಎಸ್.ಇ.ಟಿ. ಅನ್ನೋ ಸಂಸ್ಥೆ ಇಂಥ ಪಾಠಗಳಿಗೆ ಪ್ರಸಿದ್ಧ. ಕ್ರಮ ಸರಳ: ಮೊದಲು ಬಣ್ಣ, ಆಮೇಲೆ ವಾಸನೆ, ಆಮೇಲೆ ರುಚಿ, ಕೊನೆಗೆ ತೀರ್ಮಾನ. ಬಾಯಿಗೆ ಹಾಕಿದ್ದನ್ನು ಉಗುಳಬೇಕು. ಅವನ ನೋಟ್‌ಬುಕ್ಕಿನಲ್ಲಿ ವೆನಿಲ್ಲಾ, ಓಕ್, ಒಣ ಸೇಬು ಅಂತೆಲ್ಲಾ ಇತ್ತು. ಅಲ್ಲಿ ಅವನು ಕಲಿತ ಇನ್ನೊಂದು ಸಂಗತಿ ನನಗೆ ಹೊಸದು. ಯುರೋಪಿನ ಕಾನೂನಿನಲ್ಲಿ ವಿಸ್ಕಿ ಅಂದರೆ ಧಾನ್ಯದಿಂದಲೇ ಆಗಿರಬೇಕು. ಕಾಕಂಬಿಯ ಸ್ಪಿರಿಟ್ ಬೆರೆತ ನಮ್ಮ ದೇಶದ ಎಷ್ಟೋ ‘ವಿಸ್ಕಿ’ಗಳಿಗೆ ಅಲ್ಲಿ ಆ ಹೆಸರೇ ಇಲ್ಲ. ಬೆಂಗಳೂರಿನ ಅಮೃತ್ ಕಂಪನಿ ಬಾರ್ಲಿಯಿಂದ ಮಾಡಿದ ಸಿಂಗಲ್ ಮಾಲ್ಟ್ ಅನ್ನು 2004ರಲ್ಲಿ ಗ್ಲಾಸ್ಗೋದಲ್ಲೇ ಮಾರಾಟಕ್ಕಿಟ್ಟ ಮೇಲೆ ಹೊರಗಿನವರು ಈ ಕಡೆ ತಿರುಗಿ ನೋಡಿದರು.

ಈ ಮೂಗಿನ ವಿದ್ಯೆ ನಮ್ಮ ಐದು ತಾಲೂಕಿಗೆ ಹೊಸದೇನಲ್ಲ. ನಿಪ್ಪಾಣಿಯ ತಂಬಾಕು ವ್ಯಾಪಾರಿ ಎಲೆ ಮುಟ್ಟಿ, ಮೂಸಿ ದರ ಹೇಳ್ತಾನೆ. ಅಥಣಿಯ ಚಪ್ಪಲಿ ಮಾಡುವವರಿಗೆ ಚರ್ಮ ಹದವಾಗಿದೆಯೋ ಇಲ್ಲವೋ ಬೆರಳಿಗೇ ಗೊತ್ತಾಗುತ್ತೆ. ಗಾಣದಲ್ಲಿ ಬೆಲ್ಲದ ಹದ ನೋಡುವವರು ಕೊಪ್ಪರಿಗೆಯ ನೊರೆಯ ಬಣ್ಣ ನೋಡೇ ‘ಇಳಸ್ರಿ’ ಅಂತಾರೆ. ಅವರ ಯಾರ ಕೈಯಲ್ಲೂ ಸರ್ಟಿಫಿಕೇಟ್ ಇಲ್ಲ.

ಸರ್ಟಿಫಿಕೇಟ್ ಇದ್ದ ತಮ್ಮನಿಗೆ ಹೆಣ್ಣು ಸಿಗೋದು ಕಷ್ಟವಾಗಿದೆ. “ಸಾರಾಯಿ ಫ್ಯಾಕ್ಟರಿ ಏನ್ರಿ?” ಅಂತ ಕೇಳಿ ಒಂದು ಕಡೆಯವರು ಚಹಾ ಕುಡಿದು ಎದ್ದರು. ಅವರದೂ ಕಬ್ಬಿನ ಹೊಲವೇ. ಅವರ ಕಬ್ಬಿನ ಕಾಕಂಬಿಯೂ ಡಿಸ್ಟಿಲರಿಗೇ ಹೋಗೋದು. ನನಗೆ ಸಿಟ್ಟು ಬಂತು. ರಾಯಬಾಗ ಕಡೆಯ ಅತ್ತೆಯ ಮುಂದೆ ಇದನ್ನೆಲ್ಲಾ ಹೇಳಿ, ಬೆಂಗಳೂರಿನಲ್ಲಿ ವಾಸನೆ ಹಿಡಿಯೋದನ್ನ ದುಡ್ಡು ಕೊಟ್ಟು ಕಲೀತಾರೆ ಅಂದೆ.

ಅತ್ತೆ ಹಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟರು. “ನನಗ್ಯಾರೂ ಕಲಸೂದು ಬ್ಯಾಡವ್ವಾ. ಇಪ್ಪತ್ತ ವರ್ಷ, ಬಾಗಲಾ ತಗಿಯೂಕಿಂತ ಮೊದಲs ಗೊತ್ತಾಗತಿತ್ತು, ನಿಮ್ಮ ಮಾಮಾ ಎಷ್ಟ ಕುಡದ ಬಂದಾರ ಅಂತ.”

ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ಕ್ಕೆ. ಅಷ್ಟರಲ್ಲಿ ಮಾಮಾ ಇರಲಿಲ್ಲ. ಅಂಗಡಿಯಲ್ಲಿ ಸಾರಾಯಿ ಹೋಗಿ ಬಾಟಲಿ ಬಂತು, ಅಷ್ಟೇ.

ಆಮೇಲೆ ಅತ್ತೆಯೇ ಕೇಳಿದರು, “ಹುಡುಗ ಕುಡಿಯೂದಿಲ್ಲಲ್ಲ?”

“ಇಲ್ಲ ಅತ್ತಿ.”

“ಮತ್ತ ಹೆಣ್ಣ ಯಾಕ ಕೊಡಂಗಿಲ್ಲಂತ? ಯಾವುದರಾಗ ವಿಷ ಐತಿ ಅಂತ ನೋಡಾವ ಒಬ್ಬಾಂವಾರ ಬೇಕಲ್ಲ.”

ಮದ್ಯದಿಂದ ಹಾಳಾದ ಮನೆಯವರೇ ಈ ಮಾತು ಹೇಳಿದಾಗ ನನ್ನ ಸಿಟ್ಟು ಇಳಿಯಿತು. ಹೆಣ್ಣಿನ ಕಡೆಯವರ ಹೆದರಿಕೆಯ ಹಿಂದೆಯೂ ಇಂಥದೇ ಒಂದು ಅತ್ತೆ ಇರಬಹುದು. ಅವರನ್ನು ಮೂಢರು ಅನ್ನೋಕಾಗಲ್ಲ. ಹಾಗಂತ ಓದಿಗೂ ಚಟಕ್ಕೂ ಒಂದೇ ಹೆಸರಿಟ್ಟು ದೂರ ಇಟ್ಟರೆ, ಆ ಕೆಲಸಕ್ಕೆ ಹೊರಗಿನಿಂದ ಜನ ಬರುತ್ತಾರೆ, ನಮ್ಮ ಹುಡುಗರು ಬೆಂಗಳೂರಿನ ಬಸ್ ಹತ್ತುತ್ತಾರೆ. ನಮ್ಮ ನದಿಯ ನೀರು ಕಾಯುವ ಕೆಲಸವನ್ನಾದರೂ ನಮ್ಮವರೇ ಕಲಿತಿರೋದು ಒಳ್ಳೆಯದಲ್ಲವೇ?

ನಿಮ್ಮ ಮನೆಯಲ್ಲೂ ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರವೋ ಸೂಕ್ಷ್ಮಜೀವಿಶಾಸ್ತ್ರವೋ ಓದಿದ ಮಕ್ಕಳಿದ್ದರೆ ಈ ಓದಿನ ಬಗ್ಗೆ ಒಮ್ಮೆ ವಿಚಾರಿಸಿ ನೋಡಿ. ಹಂಗಾಮಿನಲ್ಲಿ ನಮ್ಮ ಕಡೆ ಬಂದರೆ ಗಾಣದ ಬಿಸಿ ಬೆಲ್ಲ ತಿಂದು, ಅಥಣಿಯಲ್ಲಿ ಚಪ್ಪಲಿ ಕೊಂಡು ಹೋಗಿ. ತಮ್ಮನಿಗೆ ಇನ್ನೂ ಹೆಣ್ಣು ಹುಡುಕುತ್ತಿದ್ದೇವೆ. ಈಗ ಮಾತುಕತೆಗೆ ಹೋಗುವಾಗ ಅತ್ತೆಯೂ ಜೊತೆಗೆ ಬರ್ತಾರೆ.