ಹೊಳಿ ದಾಟಿ ಬಂದವರು

ಇಂಡಿ, ಸಿಂದಗಿ, ಮುದ್ದೇಬಿಹಾಳದ ಹಳ್ಳಿಗಳಲ್ಲಿ ವಯಸ್ಸಾದವರನ್ನು ವಯಸ್ಸು ಕೇಳಿದರೆ ಇಸವಿ ಬರುತ್ತಿರಲಿಲ್ಲ. ‘ರಜಾಕಾರರ ಹಾವಳ್ಯಾಗ ನಾ ಎಮ್ಮಿ ಕಾಯೋವಷ್ಟಿದ್ದೆ’ ಎನ್ನುವರು, ಇಲ್ಲವೇ ‘ಆಗ ಅವ್ವನ ಬಗಲಾಗಿದ್ದೆ’. ಲೆಕ್ಕ ಹಾಕಿಕೊಳ್ಳುವುದು ಕೇಳಿದವರ ಪಾಲು. ಈಗ ಆಧಾರ್ ಕಾರ್ಡಿನಲ್ಲಿ ನೋಡಿದರೆ ಅರ್ಧ ಊರು ಜನವರಿ 1ಕ್ಕೇ ಹುಟ್ಟಿದೆ.

ನಮ್ಮ ಓಣಿಯ ಆಯಿ ಆಗ ಎಮ್ಮೆ ಕಾಯುತ್ತಿದ್ದವಳು. ತವರು ಭೀಮೆಯ ಆಚೆ ದಂಡೆ, ಅಫಜಲಪುರದ ಕಡೆ. ಅದು ನಿಜಾಮನ ರಾಜ್ಯ, ಜನರ ಬಾಯಲ್ಲಿ ಮೊಗಲಾಯಿ. ಈಚೆಗೆ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆ. ಅಲ್ಲಿ ಹಾಲಿ ಸಿಕ್ಕಾ, ಇಲ್ಲಿ ಕಲದಾರ್ ರೂಪಾಯಿ, ನಡುವೆ ಸುಂಕ ವಸೂಲಿಯ ಕರೋಡಗಿರಿ ನಾಕಾ. ಹೆಣ್ಣು ಕೊಟ್ಟು ತರುವುದಕ್ಕೆ ಮಾತ್ರ ಯಾವ ನಾಕಾವೂ ಅಡ್ಡ ಬರಲಿಲ್ಲ.

1947ರ ಆಗಸ್ಟ್ 15 ಈ ದಂಡೆಗಷ್ಟೇ ಬಂತು. ಆಚೆ ನಿಜಾಮನ ಪರ ನಿಂತ ಕಾಸಿಂ ರಜ್ವಿಯ ಖಾಸಗಿ ಪಡೆ ರಜಾಕಾರರ ಕಾಲ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಹತರಾದರೆಂದು ಹೇಳುತ್ತಾರೆ. ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ಮನೆಗೆ ಬಿದ್ದ ಬೆಂಕಿಯಲ್ಲಿ ತಾಯಿಯನ್ನೂ ತಂಗಿಯನ್ನೂ ಕಳೆದುಕೊಂಡ ಹುಡುಗ ಮಲ್ಲಿಕಾರ್ಜುನ ಖರ್ಗೆ. ಅವರ ಕಥೆ ದೇಶಕ್ಕೆ ಗೊತ್ತಾದದ್ದು ಅವರು ದೊಡ್ಡವರಾದ ಮೇಲೆ. ಆಯಿಯಂಥವರ ಕಥೆಗೆ ಓಣಿಯೇ ದೇಶ.

ಆಯಿಯ ಮನೆಯವರು ಹೊಳೆ ದಾಟಿದ್ದು ಬ್ಯಾಸಿಗೆಯಲ್ಲಿ. ಹೊಳೆಯಲ್ಲಿ ಮೊಣಕಾಲುದ್ದ ನೀರು. ಅವ್ವನ ತಲೆಯ ಮೇಲೆ ಬೀಸುವ ಕಲ್ಲಿನ ಒಂದು ಹೋಳು. ಎರಡನ್ನೂ ಹೊರಲಾಗದೆ ಒಂದನ್ನು ಯಾಕೆ ತಂದಳೋ ಎಂದು ಆಯಿ ಇಂದಿಗೂ ನಗುತ್ತಾಳೆ. ಬಸವನ ಬಾಗೇವಾಡಿ ಕಡೆಯ ಬೀಗರು ನೆಲದಡಿಯ ಹಗೇವು ತೆಗೆದು ಜೋಳ ಅಳೆದುಕೊಟ್ಟರಂತೆ. ಆ ಹಗೇವುಗಳೂ ಈಗ ಮುಚ್ಚಿಹೋಗಿವೆ.

ಗಡಿಯುದ್ದಕ್ಕೂ ನಿಜಾಮನ ವಿರುದ್ಧ ಹೋರಾಡುವವರ ಶಿಬಿರಗಳೆದ್ದವು. ಮುಂಡರಗಿ, ಗಜೇಂದ್ರಗಡದ ಹೆಸರುಗಳು ಪುಸ್ತಕಗಳಲ್ಲಿವೆ. ಶಿಬಿರದಲ್ಲಿ ಬಂದೂಕು ಹಿಡಿದವರಿಗೆ ಮುಂದೆ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಸಿಕ್ಕಿತು, ಸಿಗಬೇಕಾದದ್ದೇ. ಮಕ್ಕಳನ್ನು ಎತ್ತಿಕೊಂಡು ಹೊಳೆ ದಾಟಿದ ಹೆಂಗಸಿಗೆ ತಾಮ್ರಪತ್ರವಿಲ್ಲ. ಆಕೆ ಉಳಿಸಿದ್ದು ಜೀವ. ಅದಕ್ಕೆ ಅರ್ಜಿ ನಮೂನೆ ಎಲ್ಲಿಂದ ಬರಬೇಕು? ಇನ್ನೊಂದು ವಿಚಿತ್ರ ನೋಡಿ: ನಿಜಾಮನ ಆಳ್ವಿಕೆ ಮುಗಿದ ಸೆಪ್ಟೆಂಬರ್ 17ರ ಉತ್ಸವವೂ ಸಂವಿಧಾನದ 371ಜೆ ವಿಧಿಯ ಮೀಸಲಾತಿಯೂ ಆಚೆ ದಂಡೆಯವು. ಓಡಿಬಂದು ಇಲ್ಲೇ ನಿಂತವರ ಮೊಮ್ಮಕ್ಕಳು ಈಚೆಯವರು.

ಆಯಿಯ ಕಥೆ ಸೆಪ್ಟೆಂಬರ್ 17ಕ್ಕೆ ನಿಲ್ಲುವುದಿಲ್ಲ. ಅದಕ್ಕೇ ಆಕೆಯ ಮೇಲೆ ನನಗೆ ಹೆಚ್ಚು ಗೌರವ. 1948ರ ಸೆಪ್ಟೆಂಬರ್ 13ರಂದು ಹೊರಟ ಭಾರತದ ಸೈನ್ಯ ಐದು ದಿನದಲ್ಲಿ ಕೆಲಸ ಮುಗಿಸಿತು. ಆಮೇಲೆ ಸೇಡಿನ ಸರದಿ. ನೆಹರೂ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಹೈದರಾಬಾದ್ ರಾಜ್ಯದಲ್ಲಿ 27ರಿಂದ 40 ಸಾವಿರ ಜನ ಸತ್ತಿರಬೇಕೆಂದು ಅಂದಾಜು ಮಾಡಿತು, ಬಹುಪಾಲು ಮುಸಲ್ಮಾನರು. ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲಬರ್ಗಾ, ಬೀದರ್ ಇದ್ದವು. ಆ ವರದಿ ದಶಕಗಳ ಕಾಲ ಕಪಾಟಿನಲ್ಲೇ ಇತ್ತು. ಆಯಿಗೆ ವರದಿ ಗೊತ್ತಿಲ್ಲ. ತವರಿಗೆ ಮರಳಿದಾಗ ಮಗ್ಗಲ ಮನೆಯ ಪಿಂಜಾರರ ಬಾಗಿಲು ಕಿತ್ತುಹೋಗಿದ್ದು ಗೊತ್ತು. ‘ಮೊದಲ ನಾವು ಓಡಿದ್ವಿ, ಆಮ್ಯಾಲೆ ಅವರು ಓಡಿದ್ರು’ ಎನ್ನುತ್ತಾಳೆ, ಒಂದೇ ಉಸಿರಿನಲ್ಲಿ.

ಹೀಗೆ ಎರಡನ್ನೂ ಕೂಡಿಸಿ ಹೇಳುವವರು ಕಟ್ಟೆಯ ಮೇಲೆ ಸಾಲಾಗಿ ಕೂರುತ್ತಿದ್ದ ಕಾಲವಿತ್ತು. ಭಾಷಣಗಳು ಜೋರಾಗುತ್ತಿರುವ ಹೊತ್ತಿಗೆ ಕಟ್ಟೆ ಖಾಲಿಯಾಗಿದೆ. ಹೋದ ವರ್ಷ ಮರಿಮೊಮ್ಮಗ ಹುಟ್ಟಿದಾಗ ಮನೆಯವರು ಆಯಿಯನ್ನು ತಕ್ಕಡಿಯಲ್ಲಿ ಕೂಡಿಸಿ ಬೆಲ್ಲದ ತುಲಾಭಾರ ಮಾಡಿದರು. ಬೆಲ್ಲ ಬಹಳ ಬೇಕಾಗಲಿಲ್ಲ. ಮೊಮ್ಮಗಳೊಬ್ಬಳು ಪುಣೆಯಿಂದ ಬಂದು ಮೊಬೈಲ್ ಮುಂದಿಟ್ಟು ಹಳೆಯದನ್ನೆಲ್ಲ ಕೇಳಿದಳು. ಆಯಿಗೆ ಕಿವಿ ಮಂದ. ಕೇಳಿದ್ದಕ್ಕಲ್ಲ, ತನಗೆ ನೆನಪಾದದ್ದಕ್ಕೆ ಉತ್ತರ ಕೊಡುತ್ತಾ ಹೋದಳು.