ಅಂಗಡಿ ಮಣ್ಣು, ಗದ್ದೆ ಮಣ್ಣು



ಈ ಸಲ ನಾನು ಮಣ್ಣಿನ ಒಡವೆ ಬಗ್ಗೆ ಬರೆಯುತ್ತಿದ್ದೇನೆ. "ಮಣ್ಣಿನ ಒಡವೆನಾ?" ಅಂತ ನಗಬೇಡಿ. ಹರಪ್ಪ, ಮೊಹೆಂಜೊದಾರೊದಲ್ಲಿ ನೆಲ ಅಗೆದಾಗ ಸುಟ್ಟ ಮಣ್ಣಿನ ಬಳೆ, ಮಣಿಗಳು ಸಿಕ್ಕಿವೆ. ನಾಲ್ಕು ಸಾವಿರ ವರ್ಷ ಕಳೆದರೂ ಅವು ಕರಗಿಲ್ಲ.

ನಮ್ಮ ಅಕ್ಕನ ಪಿಯುಸಿ ಮುಗಿಯಿತು. ಡಿಗ್ರಿ ಫೀಸಿಗೆ ಅಪ್ಪನ ಹತ್ತಿರ ಕೈ ಚಾಚಬಾರದು, ತಾನೇ ಓಲೆ, ಸರ ಮಾಡಿ ಮಾರಬೇಕು ಅಂತ ಅವಳ ಆಸೆ. ಅದಕ್ಕೇ ಶಿವಮೊಗ್ಗದಿಂದ ಪಾಲಿಮರ್ ಕ್ಲೇ ತಂದಳು. ಕೆಂಪು, ಹಳದಿ, ನೀಲಿ, ನೋಡೋಕೆ ಬಲು ಚೆಂದ. ಆದರೆ ಹೆಸರಲ್ಲಿ ಮಣ್ಣಿದ್ದರೂ ಅದು ನೆಲದ ಮಣ್ಣಲ್ಲ. ನೀರಿನ ಪೈಪು ಮಾಡುವ ಪಿವಿಸಿಯನ್ನೇ ಪುಡಿ ಮಾಡಿ, ಮೆತ್ತಗಾಗುವ ಎಣ್ಣೆಯಂಥ ದ್ರವ, ಬಣ್ಣ ಸೇರಿಸಿ ನಾದಿದ್ದು. ಜರ್ಮನಿಯ ಗೊಂಬೆ ತಯಾರಕಿ ಕೇಥೆ ಕ್ರೂಸೆ ಅವರ ಮಗಳು ಸೋಫಿ ಇದನ್ನು ಕೈಕೆಲಸಕ್ಕೆ ಒಗ್ಗಿಸಿದರು. ಅವರನ್ನು ಮನೆಯಲ್ಲಿ ಫಿಫಿ ಅಂತಿದ್ದರು. 1960ರ ದಶಕದಲ್ಲಿ ಅದು 'ಫಿಮೊ' ಅನ್ನುವ ಹೆಸರಲ್ಲಿ ಅಂಗಡಿಗೆ ಬಂತು.

ಇದು ಗಾಳಿಗೆ ಒಣಗಿ ಗಟ್ಟಿಯಾಗಲ್ಲ. ಓವನ್‌ನಲ್ಲಿ ಸುಮಾರು 110ರಿಂದ 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆಯಷ್ಟು ಇಡಬೇಕು. ಶಾಖ ಮೀರಿದರೆ ಕರಕಲಾಗುತ್ತದೆ, ಕಣ್ಣು ಗಂಟಲು ಉರಿಸುವ ಹೊಗೆ ಬರುತ್ತದೆ. ನಮ್ಮನೇಲಿ ಇರೋದು ಸೌದೆ ಒಲೆ. ಅದಕ್ಕೆ 130 ಡಿಗ್ರಿ ಅಂತ ಹೇಳಿದರೆ ಕೇಳುತ್ತದೆಯೇ? ಅಕ್ಕ ಪೊಟ್ಟಣ ಹಿಡಿದು ಸುಮ್ಮನೆ ಕೂತಳು.

ಆಗ ಅಜ್ಜ, "ಅದ್ಯಾಕೆ ಅಳ್ತೀಯ ಮಗಾ? ಒಲೆಗೆ ಹೆದರದ ಮಣ್ಣು ನಮ್ಮ ಗದ್ದೇಲೇ ಇದೆಯಲ್ಲ" ಅಂದರು. ಅಜ್ಜ ಹಿಂದೆ ಮಡಕೆ ಮಾಡುತ್ತಿದ್ದರು. ಸ್ಟೀಲು, ಪ್ಲಾಸ್ಟಿಕ್ಕು ಬಂದ ಮೇಲೆ ತಿಗರಿ ಮೂಲೆ ಸೇರಿತ್ತು.

ಅಜ್ಜ ಹೇಳಿಕೊಟ್ಟ ಕ್ರಮ ಹೀಗಿದೆ. ಜೇಡಿಮಣ್ಣನ್ನು ನೀರಲ್ಲಿ ಕದಡಿ ಬಟ್ಟೆಯಲ್ಲಿ ಸೋಸಬೇಕು. ಕಲ್ಲು, ಬೇರು ಉಳಿಯಬಾರದು. ಚಪಾತಿ ಹಿಟ್ಟಿನ ಹದಕ್ಕೆ ಬಂದಾಗ ಗಾಳಿ ಉಳಿಯದಂತೆ ಚೆನ್ನಾಗಿ ನಾದಬೇಕು. ಮಣಿ ಮಾಡಿ ತೆಂಗಿನ ಕಡ್ಡಿಯಿಂದ ತೂತು ಹಾಕಬೇಕು. ಮೊದಲು ನೆರಳಲ್ಲಿ, ಆಮೇಲೆ ಬಿಸಿಲಲ್ಲಿ ಒಣಗಿಸಬೇಕು. ಒಳಗೆ ಪಸೆ ಇದ್ದರೆ ಬೆಂಕಿಯಲ್ಲಿ ನೀರು ಆವಿಯಾಗಿ ಮಣಿ ಪಟ್ ಅಂತ ಸಿಡಿಯುತ್ತದೆ. ಕೊನೆಗೆ ಹೊಟ್ಟು, ಬೆರಣಿ ಮುಚ್ಚಿ ಸುಡಬೇಕು. ಸುಮಾರು 600 ಡಿಗ್ರಿ ದಾಟಿದರೆ ಮಣ್ಣು ಮತ್ತೆ ನೀರಲ್ಲಿ ಕರಗಲ್ಲ. ಮಣ್ಣಿನಲ್ಲಿರುವ ಕಬ್ಬಿಣದ ಅಂಶದಿಂದ ಕೆಂಪು ಬಣ್ಣ ತಾನಾಗಿಯೇ ಬರುತ್ತದೆ.

ಅಂಗಡಿ ಮಣ್ಣು ಕೆಟ್ಟದ್ದು ಅಂತ ನಾನು ಹೇಳಲ್ಲ. ಅದು ಹಗುರ, ಬಿದ್ದರೆ ಬೇಗ ಒಡೆಯಲ್ಲ. ನಮ್ಮ ಓಲೆ ಕೈ ಜಾರಿದರೆ ಎರಡು ತುಂಡು. ಕಿವಿ ಜಗ್ಗಬಾರದು ಅಂದರೆ ತೆಳ್ಳಗೆ, ಚಿಕ್ಕದಾಗಿ ಮಾಡಬೇಕು. ಆದರೆ ಹಾಳಾದ ಹಸಿ ಮಣಿಯನ್ನು ನೀರಿಗೆ ಹಾಕಿ ಮತ್ತೆ ನಾದಬಹುದು. ದುಡ್ಡಂತೂ ಬೇಡವೇ ಬೇಡ.

ಇನ್ನೊಂದು ವಿಷಯ. ಅಕ್ಕ ತಂದಿದ್ದ ಆನೆಯ ಅಚ್ಚಿನಲ್ಲಿ ಮೊರದಷ್ಟು ದೊಡ್ಡ ಕಿವಿ, ನಡುವೆ ತಗ್ಗಿದ ಬೆನ್ನು. ಅದು ಆಫ್ರಿಕಾದ ಆನೆ! ನಮ್ಮ ಬಿಡಾರದ ಆನೆಗೆ ಕಿವಿ ಸಣ್ಣದು, ಬೆನ್ನು ಉಬ್ಬಿದ್ದು, ತಲೆಯ ಮೇಲೆ ಎರಡು ಗುಬ್ಬ. ಸೊಂಡಿಲ ತುದಿಯಲ್ಲಿ ನಮ್ಮದಕ್ಕೆ ಒಂದೇ ಬೆರಳು, ಅದಕ್ಕೆ ಎರಡು. ತುಂಗೆಯಲ್ಲಿ ಆನೆ ಮೀಯುವುದನ್ನು ದಿನಾ ನೋಡುವ ನಮಗೆ ಅಚ್ಚು ಯಾಕೆ ಬೇಕು? ಅಕ್ಕ ಅಚ್ಚನ್ನು ಪಕ್ಕಕ್ಕಿಟ್ಟು ಕೈಯಲ್ಲೇ ಆನೆ ಪದಕ ಮಾಡಿದಳು. ಗೌರಿ ಹಬ್ಬಕ್ಕೆ ಮೂರು ಸರ ಮಾರಾಟವಾದವು. ಫೀಸಿಗೆ ಅಷ್ಟು ಸಾಲದು, ನಿಜ. ಆದರೆ ಅಜ್ಜ ಈಗ ಬೆಳಿಗ್ಗೆ ಎದ್ದ ಕೂಡಲೇ "ಮಣ್ಣು ಹದ ಆಗಿದ್ಯಾ ನೋಡು" ಅಂತಾರೆ. ಎಷ್ಟೋ ವರ್ಷದಿಂದ ಅವರು ಹಾಗೆ ಅಂದಿರಲಿಲ್ಲವಂತೆ.

ಗುರುಗಳಲ್ಲಿ ಒಂದು ವಿನಂತಿ. ಈ ವರ್ಷದ ವಸ್ತುಪ್ರದರ್ಶನದಲ್ಲಿ ಮಣ್ಣಿನ ಒಡವೆಗೂ ಒಂದು ಮೇಜು ಕೊಡಿ. ಹೇಳಿಕೊಡಲು ಅಜ್ಜ ಒಪ್ಪಿದ್ದಾರೆ.

– 9ನೇ ತರಗತಿ ವಿದ್ಯಾರ್ಥಿನಿ